ಹಳೆ ಮ್ಯಾನುವಲ್ ಲೆನ್ಸ್, ಹೊಸ ಕ್ಯಾಮೆರಾ: ಕಪಾಟಿನಿಂದ ಬೀದರ್ ಕೋಟೆಯವರೆಗೆ

ಕಲಬುರಗಿ, ಬೀದರ್, ಯಾದಗಿರಿ ಕಡೆ ರೀಲಿನ ಕಾಲದಿಂದ ನಡೆದು ಬಂದ ಫೋಟೋ ಸ್ಟುಡಿಯೋಗಳು ಇನ್ನೂ ಇವೆ. ಅಂಥ ಕಡೆ ಹೋಗಿ, ‘ಹಳೀ ಲೆನ್ಸ್ ಏನಾರ ಅವೇನ್ರಿ ಕಾಕಾ?’ ಎಂದು ಕೇಳಿ ನೋಡಿ. ‘ಅದಾವ, ಆದ್ರ ಈಗ ಯಾರಿಗಿ ಬೇಕಾಗ್ಯಾವ್ರಿ?’ ಎನ್ನುವ ಉತ್ತರವೇ ಹೆಚ್ಚು. ಬೇಕು. ಖಂಡಿತ ಬೇಕು. ಗಾಜು ಚೆನ್ನಾಗಿದ್ದರೆ ನಲವತ್ತು ವರ್ಷದ ಹಿಂದಿನ 50 ಎಂಎಂ ಲೆನ್ಸ್ ಇವತ್ತಿನ ಮಿರರ್‌ಲೆಸ್ ಕ್ಯಾಮೆರಾದ ಮೇಲೂ ಒಳ್ಳೆಯ ಕೆಲಸ ಮಾಡುತ್ತದೆ. ನಡುವೆ ಬೇಕಾದದ್ದು ಒಂದು ಅಡಾಪ್ಟರ್, ಅಂದರೆ ಬಳೆಯಂಥ ಒಂದು ಲೋಹದ ತುಂಡು.

ಈ ಕೆಲಸದಲ್ಲಿ ದುಡ್ಡು ಹಾಳಾಗುವುದು ಎರಡೇ ಕಡೆ. ಲೆಕ್ಕ ಹಾಕದೆ ಅಡಾಪ್ಟರ್ ಕೊಂಡಾಗ, ಇಲ್ಲವೇ ಲೆನ್ಸಿನ ಹೆಸರು ನೋಡಿ ಗಾಜು ನೋಡದೆ ಹೋದಾಗ. ಅದಕ್ಕೇ ಈ ಎರಡರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಮೊದಲು ಲೆಕ್ಕ

ಪ್ರತಿ ಕ್ಯಾಮೆರಾಕ್ಕೂ ಒಂದು ಗೊತ್ತಾದ ಅಂತರ ಇರುತ್ತದೆ. ಲೆನ್ಸ್ ಕೂರುವ ಲೋಹದ ಮೌಂಟಿನಿಂದ ಒಳಗಿನ ಸೆನ್ಸರ್‌ವರೆಗಿನ ಅಂತರ ಅದು. ರೀಲ್ ಕ್ಯಾಮೆರಾದಲ್ಲಿ ಸೆನ್ಸರ್ ಜಾಗದಲ್ಲಿ ರೀಲ್ ಇರುತ್ತಿತ್ತು, ಅಷ್ಟೇ. ಲೆನ್ಸ್ ತಯಾರಿಸುವಾಗ ಆ ಅಂತರವನ್ನು ಲೆಕ್ಕಕ್ಕೆ ಇಟ್ಟುಕೊಂಡೇ ಗಾಜು ಜೋಡಿಸಿರುತ್ತಾರೆ. ನಿಕಾನ್ ಎಫ್ ಮೌಂಟಿಗೆ ಇದು 46.5 ಮಿ.ಮೀ. ಒಲಿಂಪಸ್ ಓಎಂಗೆ 46. ಯಾಶಿಕಾ ಮತ್ತು ಕಾಂಟ್ಯಾಕ್ಸ್ ಮೌಂಟಿಗೆ 45.5. ತಿರುಪಿನ ಎಂ42 ಮೌಂಟಿಗೂ ಪೆಂಟಾಕ್ಸ್ ಕೆ ಮೌಂಟಿಗೂ 45.46. ಮಿನೋಲ್ಟಾಕ್ಕೆ 43.5, ಹಳೆ ಕ್ಯಾನನ್ ಎಫ್‌ಡಿಗೆ 42.

ಈಗಿನ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಕನ್ನಡಿ ಇಲ್ಲ. ಹಾಗಾಗಿ ಅಂತರವೂ ಕಡಿಮೆ. ಸೋನಿ ಇ ಮೌಂಟಿಗೆ 18 ಮಿ.ಮೀ., ಫ್ಯೂಜಿ ಎಕ್ಸ್‌ಗೆ 17.7, ನಿಕಾನ್ ಝಡ್‌ಗೆ 16, ಕ್ಯಾನನ್ ಆರ್‌ಎಫ್‌ಗೆ 20.

ಹಳೆಯದರಿಂದ ಹೊಸದನ್ನು ಕಳೆಯಿರಿ. ನಿಕಾನ್ ಎಫ್ ಲೆನ್ಸನ್ನು ಸೋನಿಗೆ ಹಾಕಬೇಕು ಎಂದರೆ 46.5ರಲ್ಲಿ 18 ಕಳೆದರೆ 28.5 ಮಿ.ಮೀ. ಅಡಾಪ್ಟರಿನ ದಪ್ಪ ಅಷ್ಟೇ. ಒಳಗೆ ಗಾಜಿಲ್ಲ, ಸರ್ಕೀಟ್ ಇಲ್ಲ, ಬರೀ ಖಾಲಿ ಜಾಗ. ಗಾಜೇ ಇಲ್ಲದ ಮೇಲೆ ಚಿತ್ರದ ಗುಣಮಟ್ಟ ಕೆಡುವ ಮಾತೂ ಇಲ್ಲ.

ಕಳೆದಾಗ ಉತ್ತರ ಸೊನ್ನೆಗಿಂತ ಕೆಳಗೆ ಬಂದರೆ ಅಲ್ಲಿಗೇ ನಿಲ್ಲಿಸಿ. ಕ್ಯಾನನ್ ಎಫ್‌ಡಿ ಲೆನ್ಸನ್ನು ಕ್ಯಾನನ್ ಡಿಎಸ್‌ಎಲ್‌ಆರ್‌ಗೆ (ಒಳಗೆ ಕನ್ನಡಿ ಇರುವ ಡಿಜಿಟಲ್ ಕ್ಯಾಮೆರಾಕ್ಕೆ) ಹಾಕುವ ಆಸೆ ಎಲ್ಲರಿಗೂ ಬರುತ್ತದೆ, ಎರಡೂ ಕ್ಯಾನನ್ ಅಲ್ವಾ ಎಂದು. ಆದರೆ ಡಿಎಸ್‌ಎಲ್‌ಆರ್‌ನ ಇಎಫ್ ಮೌಂಟಿನ ಅಂತರ 44 ಮಿ.ಮೀ., ಲೆನ್ಸಿಗೆ ಬೇಕಾದದ್ದು 42. ಲೆನ್ಸ್ ಬೇಕಾದ್ದಕ್ಕಿಂತ ದೂರ ಕೂರುತ್ತದೆ. ಹತ್ತಿರದ ಹೂವಿಗೆ ಫೋಕಸ್ ಸಿಗುತ್ತದೆ, ದೂರದ ಗುಮ್ಮಟಕ್ಕೆ ಸಿಗುವುದಿಲ್ಲ. ಇದಕ್ಕೆಂದೇ ಒಳಗೊಂದು ಗಾಜು ಇಟ್ಟ ಅಡಾಪ್ಟರ್‌ಗಳು ಬರುತ್ತವೆ. ಅಗ್ಗದ ಆ ಗಾಜು ಒಳ್ಳೆಯ ಲೆನ್ಸನ್ನೂ ಮಬ್ಬು ಮಾಡುತ್ತದೆ. ನನ್ನ ಮಾತು ಕೇಳಿದರೆ ಅದನ್ನು ಕೊಳ್ಳಬೇಡಿ. ನಿಕಾನ್ ಡಿಎಸ್‌ಎಲ್‌ಆರ್‌ಗೆ ಎಂ42 ಲೆನ್ಸ್ ಹಾಕುವಾಗಲೂ ಇದೇ ಕಥೆ.

ಡಿಎಸ್‌ಎಲ್‌ಆರ್ ಇರುವವರು ಬೇಸರ ಮಾಡಿಕೊಳ್ಳಬೇಕಿಲ್ಲ. ಕ್ಯಾನನ್ ಡಿಎಸ್‌ಎಲ್‌ಆರ್‌ಗೆ ನಿಕಾನ್ ಎಫ್ ಲೆನ್ಸ್ 2.5 ಮಿ.ಮೀ. ಬಳೆಯಿಂದ, ಎಂ42 ಲೆನ್ಸ್ ಒಂದೂವರೆ ಮಿ.ಮೀ. ಬಳೆಯಿಂದ ಕೂರುತ್ತದೆ. ಫುಲ್‌ಫ್ರೇಮ್ (ರೀಲಿನ ಚೌಕಟ್ಟಿನಷ್ಟೇ ದೊಡ್ಡ ಸೆನ್ಸರಿನ) ಕ್ಯಾಮೆರಾ ಆಗಿದ್ದರೆ ಒಂದು ಎಚ್ಚರಿಕೆ: ಕೆಲವು ಲೆನ್ಸ್‌ಗಳ ಹಿಂಭಾಗ ಒಳಗಿನ ಕನ್ನಡಿಗೆ ತಗಲುತ್ತದೆ. ನಿಕಾನ್ ಡಿಎಸ್‌ಎಲ್‌ಆರ್‌ಗೆ 1977ರ ನಂತರದ ಎಐ ಗುಂಪಿನ ನಿಕ್ಕೋರ್ ಲೆನ್ಸ್‌ಗಳು ಅಡಾಪ್ಟರೇ ಇಲ್ಲದೆ ಕೂರುತ್ತವೆ. ಡಿ7000, ಡಿ7200ರಂಥ ಕ್ಯಾಮೆರಾಗಳಲ್ಲಿ ಲೆನ್ಸಿನ ವಿವರ ಮೆನುವಿನಲ್ಲಿ ತುಂಬಿದರೆ ಬೆಳಕು ಅಳೆಯುವ ಮೀಟರ್ ಕೂಡ ನಡೆಯುತ್ತದೆ. ಅದಕ್ಕಿಂತ ಹಳೆಯ, ಎಐ ಅಲ್ಲದ ಲೆನ್ಸನ್ನು ಈ ಕ್ಯಾಮೆರಾಗಳಿಗೆ ಹಾಕಲೇಬೇಡಿ. ಮೌಂಟಿನ ಅಂಚಿನ ಸಣ್ಣ ಕೊಂಡಿ ಮುರಿಯಬಹುದು.

ಯಾವುದನ್ನು ಹುಡುಕಬೇಕು

ಮೊದಲನೆಯ ಲೆನ್ಸ್ 50 ಎಂಎಂ ಆಗಿರಲಿ. ರೀಲ್ ಕ್ಯಾಮೆರಾ ಕೊಂಡಾಗ ಜೊತೆಗೇ ಬರುತ್ತಿದ್ದ ಲೆನ್ಸ್ ಅದು. ಅದಕ್ಕೇ ಸುಲಭವಾಗಿ ಸಿಗುತ್ತದೆ, ಬೆಲೆಯೂ ಕೈಗೆಟುಕುತ್ತದೆ. ಯಾಶಿಕಾ ಎಫ್‌ಎಕ್ಸ್-3, ಪೆಂಟಾಕ್ಸ್ ಕೆ1000, ನಿಕಾನ್ ಎಫ್‌ಎಂ ಕ್ಯಾಮೆರಾಗಳು ನಮ್ಮ ಸ್ಟುಡಿಯೋಗಳಲ್ಲೂ ದುಡಿದಿವೆ. ಅವುಗಳ ಮೇಲಿನ 50 ಎಂಎಂ ಸಿಕ್ಕರೆ ಕಣ್ಣುಮುಚ್ಚಿ ಬೇಡ ಎನ್ನಬೇಡಿ.

ರಷ್ಯಾದ ಝೆನಿಟ್ ಕ್ಯಾಮೆರಾದ ಜೊತೆ ಬರುತ್ತಿದ್ದ ಹೀಲಿಯೋಸ್ 44-2 ಈಗ ಬಹಳ ಹೆಸರು ಮಾಡಿದೆ. 58 ಎಂಎಂ, ಎಫ್ 2, ಎಂ42 ತಿರುಪು. ಜರ್ಮನಿಯ ಝೈಸ್ ಬಯೋಟಾರ್ ಲೆನ್ಸಿನ ವಿನ್ಯಾಸವನ್ನೇ ಇಟ್ಟುಕೊಂಡು ಮಾಡಿದ್ದು. ಹಿಂದೆ ಬೇವಿನ ಎಲೆಗಳು ಇರುವಂತೆ ಯಾರನ್ನಾದರೂ ನಿಲ್ಲಿಸಿ, ಅಪರ್ಚರ್ (ಬೆಳಕು ಒಳಗೆ ಬಿಡುವ ಕಿಂಡಿ, ಎಫ್ ಸಂಖ್ಯೆ ಚಿಕ್ಕದಾದಷ್ಟೂ ಅದು ದೊಡ್ಡದು) ಪೂರ್ತಿ ತೆರೆದು ತೆಗೆಯಿರಿ. ಎಲೆಗಳ ನಡುವಿನ ಬೆಳಕು ಮುಖದ ಸುತ್ತ ಸುಳಿ ಸುತ್ತಿದಂತೆ ಕಾಣುತ್ತದೆ. ಈ ಸುಳಿ ಅಂಚಿನಲ್ಲಿ ಜಾಸ್ತಿ. ಹಾಗಾಗಿ ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ ಪೂರ್ತಿ ಸಿಗುತ್ತದೆ, ಚಿಕ್ಕ ಸೆನ್ಸರಿನಲ್ಲಿ ಅರ್ಧ ಕತ್ತರಿಸಿ ಹೋಗುತ್ತದೆ.

ಸೆನ್ಸರ್ ಚಿಕ್ಕದಾದರೆ ಲೆನ್ಸಿನ ನೋಟವೂ ಕಿರಿದಾಗುತ್ತದೆ. ಚಿಕ್ಕ ಸೆನ್ಸರಿನ ಎಪಿಎಸ್-ಸಿ ಕ್ಯಾಮೆರಾದಲ್ಲಿ 50 ಎಂಎಂ ಲೆನ್ಸ್ 75ರ ಹಾಗೆ ಕಾಣುತ್ತದೆ, ಕ್ಯಾನನ್‌ನಲ್ಲಿ 80ರ ಹಾಗೆ. ಮುಖಚಿತ್ರಕ್ಕೆ ಇದು ಹೇಳಿ ಮಾಡಿಸಿದ್ದು. ಮನೆಯೊಳಗಿನ ಸೀಮಂತಕ್ಕೋ ನಾಮಕರಣಕ್ಕೋ ಆಗಲ್ಲ, ಹಿಂದೆ ಸರಿಯಲು ಗೋಡೆ ಬಿಡಲ್ಲ. ಅದಕ್ಕೆ 28 ಎಂಎಂ ಇಟ್ಟುಕೊಳ್ಳಿ.

ಯಾಶಿಕಾ ಎಲೆಕ್ಟ್ರೋ 35, ಎರಡು ಕಣ್ಣಿನ ಯಾಶಿಕಾ ಮ್ಯಾಟ್ ಕೂಡ ಹಳೆ ಕಪಾಟುಗಳಲ್ಲಿ ಸಿಗುತ್ತವೆ. ಅವುಗಳ ಲೆನ್ಸ್ ಬಿಚ್ಚಿ ಬರುವಂಥದ್ದಲ್ಲ. ಲೆನ್ಸಿಗಾಗಿ ಅವನ್ನು ಕೊಳ್ಳಬೇಡಿ. ನಿಕಾನ್‌ನ ಆಟೋಫೋಕಸ್ 50 ಎಂಎಂ 1.8 ಡಿ ಹೆಸರಿಗೆ ಹಳೆಯದಲ್ಲದಿದ್ದರೂ ಈ ಕೆಲಸಕ್ಕೆ ಬಹಳ ಒಳ್ಳೆಯದು, ಅಪರ್ಚರ್ ಉಂಗುರ ಇದೆ. ಅದು 22ರಲ್ಲಿ ಲಾಕ್ ಆಗಿರುತ್ತದೆ, ಪಕ್ಕದ ಚಿಕ್ಕ ಗುಂಡಿ ಸರಿಸಿದರೆ ತಿರುಗುತ್ತದೆ.

ಕೈಗೆ ತೆಗೆದುಕೊಂಡ ಮೇಲೆ

ಲೆನ್ಸ್ ನೋಡಲು ಹೋಗುವಾಗ ಮೊಬೈಲ್ ಟಾರ್ಚ್ ಇದ್ದರೆ ಸಾಕು. ಎರಡೂ ಕಡೆಯ ಮುಚ್ಚಳ ತೆಗೆಯಿರಿ. ಅಪರ್ಚರ್ ಪೂರ್ತಿ ತೆರೆಯಿರಿ. ಟಾರ್ಚನ್ನು ಹಿಂದಿನಿಂದ ಓರೆಯಾಗಿ ಹಿಡಿದು ಮುಂದಿನಿಂದ ನೋಡಿ, ಆಮೇಲೆ ತಿರುಗಿಸಿ ನೋಡಿ.

ಧೂಳಿನ ಚುಕ್ಕೆಗಳು ಕಾಣುತ್ತವೆ. ಇರಲಿ ಬಿಡಿ, ಅದು ಫೋಟೋದಲ್ಲಿ ಬರುವುದಿಲ್ಲ. ಮುಂದಿನ ಗಾಜಿನ ಮೇಲೆ ಒಂದೆರಡು ಸಣ್ಣ ಗೀರು ಇದ್ದರೂ ಬಹಳ ತೊಂದರೆ ಇಲ್ಲ. ಹಿಂದಿನ ಗಾಜಿನ ಗೀರು ಮಾತ್ರ ಬೇಡ, ಅದು ಚಿತ್ರಕ್ಕೆ ಇಳಿಯುತ್ತದೆ.

ಅಂಚಿನಿಂದ ನಡುವಿನ ಕಡೆಗೆ ಜೇಡರ ಬಲೆಯ ಎಳೆಗಳ ಹಾಗೆ ಹಬ್ಬಿದ್ದರೆ ಅದು ಫಂಗಸ್. ಅಂಚಿನಲ್ಲಿ ಸ್ವಲ್ಪವೇ ಇದ್ದರೆ ಬಿಚ್ಚಿ ಒರೆಸಬಹುದು. ಬಹಳ ದಿನ ಬಿಟ್ಟಿದ್ದರೆ ಅದು ಗಾಜಿನ ಲೇಪನವನ್ನೇ ತಿಂದಿರುತ್ತದೆ, ಒರೆಸಿದರೂ ಗುರುತು ಹೋಗಲ್ಲ. ಗಾಜೆಲ್ಲ ಹಬೆ ಹಿಡಿದಂತೆ ಒಂದೇ ಸಮನೆ ಮಬ್ಬಾಗಿದ್ದರೆ ಇನ್ನೂ ಕೆಟ್ಟದ್ದು. ಅಂಥ ಲೆನ್ಸ್ ಬಿಸಿಲಿಗೆ ಮುಖ ಮಾಡಿದ ಕೂಡಲೇ ಫೋಟೋ ಪೂರ್ತಿ ಬೆಳ್ಳಗಾಗುತ್ತದೆ. ಎರಡು ಗಾಜು ಅಂಟಿಸಿದ ಜಾಗದಲ್ಲಿ ಕಾಮನಬಿಲ್ಲಿನ ಬಣ್ಣದ ಕಲೆ ಕಂಡರೆ ಅಂಟು ಬಿಟ್ಟಿದೆ ಎಂದರ್ಥ. ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬಿಟ್ಟುಬಿಡಿ.

ಆಮೇಲೆ ಅಪರ್ಚರ್ ಎಲೆಗಳು. ನಮ್ಮ ಕಡೆ ಸಿಗುವ ಲೆನ್ಸ್‌ಗಳಲ್ಲಿ ನಾನು ಬಹಳ ಗಮನ ಕೊಡುವುದು ಇಲ್ಲಿ. ಮೇ ತಿಂಗಳಲ್ಲಿ ಇಲ್ಲಿ ಪಾರಾ 42 ಡಿಗ್ರಿ ದಾಟುವುದು ಹೊಸದೇನಲ್ಲ. ಪತ್ರಾಸಿನ ಕೋಣೆಯಲ್ಲಿ, ಕಬ್ಬಿಣದ ಕಪಾಟಿನಲ್ಲಿ ವರ್ಷಗಟ್ಟಲೆ ಬಿದ್ದ ಲೆನ್ಸಿನೊಳಗಿನ ಗ್ರೀಸ್ ತೆಳ್ಳಗಾಗಿ ಹರಿದು ಎಲೆಗಳ ಮೇಲೆ ಬಂದು ಕೂರುತ್ತದೆ. ಉಂಗುರ ತಿರುಗಿಸುತ್ತ ಎಲೆಗಳನ್ನು ನೋಡಿ. ಒಣಗಿದ ಉಕ್ಕಿನ ಬಣ್ಣ ಇದ್ದರೆ ಸರಿ. ಎಣ್ಣೆಯ ಮಿಂಚು ಇದ್ದರೆ ಎಲೆಗಳು ಮೆಲ್ಲಗೆ ಚಲಿಸುತ್ತವೆ, ಕೊನೆಗೆ ಅಂಟಿಕೊಳ್ಳುತ್ತವೆ. ಅಡಾಪ್ಟರ್ ಮೇಲೆ ನಾವು ಉಂಗುರವನ್ನು ಕೈಯಲ್ಲೇ ತಿರುಗಿಸುವುದರಿಂದ ಮಿರರ್‌ಲೆಸ್ ಕ್ಯಾಮೆರಾದಲ್ಲಿ ಸ್ವಲ್ಪ ಎಣ್ಣೆ ಇದ್ದರೂ ನಡೆದೀತು. ಆದರೆ ಅದೇ ಎಣ್ಣೆ ಆವಿಯಾಗಿ ಗಾಜಿನ ಮೇಲೆ ಮಬ್ಬು ಕಟ್ಟುತ್ತದೆ. ಬೆಲೆ ಇಳಿಸಿ ಕೇಳಲು ಇದು ನ್ಯಾಯವಾದ ಕಾರಣ.

ಫೋಕಸ್ ಉಂಗುರವನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ. ಒಂದೇ ಬಿಗಿಯಲ್ಲಿ ತಿರುಗಬೇಕು. ಸ್ವಲ್ಪ ಬಿಗಿ ಇದ್ದರೂ ಪರವಾಗಿಲ್ಲ. ನಡುವೆ ಎಲ್ಲೋ ಸಡಿಲ, ಎಲ್ಲೋ ಗಟ್ಟಿ ಎನಿಸಿದರೆ ಬಿದ್ದ ಲೆನ್ಸ್ ಇರಬಹುದು. ಮುಂದಿನ ಫಿಲ್ಟರ್ ಅಂಚು ಸೊಟ್ಟಗಿದೆಯಾ ನೋಡಿ.

ಗಾಜು ಹಳದಿ ಚಹಾದ ಬಣ್ಣಕ್ಕೆ ತಿರುಗಿದ್ದರೆ ಗಾಬರಿಯಾಗಬೇಡಿ. ಪೆಂಟಾಕ್ಸ್‌ನ ಕೆಲವು ಟಾಕುಮಾರ್ 50 ಎಂಎಂ ಎಫ್ 1.4 ಲೆನ್ಸ್‌ಗಳ ಗಾಜಿನಲ್ಲಿ ಥೋರಿಯಂ ಸೇರಿಸಿದ್ದರು, ಅದು ವರ್ಷ ಕಳೆದಂತೆ ಹಳದಿಯಾಗುತ್ತದೆ. ಅಲ್ಟ್ರಾವಯಲೆಟ್ ಬೆಳಕು ಬಿದ್ದರೆ ತಿಳಿಯಾಗುತ್ತದೆ. ಬಿಸಿಲಿಗಿಡುವುದಾದರೆ ಡಿಸೆಂಬರ್, ಜನವರಿಯ ಎಳೆ ಬಿಸಿಲು ಸಾಕು. ಬೇಸಿಗೆಯ ಬಿಸಿಲು ಬೇಡ, ಗ್ರೀಸಿನ ಕಥೆ ಈಗಷ್ಟೇ ಹೇಳಿದೆ. ಕಾಗದ, ಬಟ್ಟೆ, ಪರದೆ ಹತ್ತಿರ ಇಡಬೇಡಿ. ಲೆನ್ಸ್ ಎಂದರೆ ಭೂತಗನ್ನಡಿಯೇ, ಬೆಂಕಿ ಹತ್ತುತ್ತದೆ. ಬಿಟ್ಟು ಒಳಗೆ ಹೋಗದೆ ಎದುರಿಗೇ ಇಟ್ಟುಕೊಳ್ಳಿ.

ಅಡಾಪ್ಟರ್ ಕೊಳ್ಳುವಾಗ

ಅಡಾಪ್ಟರನ್ನು ನಾವು ಆನ್‌ಲೈನ್‌ನಲ್ಲೇ ತರಿಸಬೇಕಾಗುತ್ತದೆ. ಎರಡು ಹೆಸರು ಸರಿಯಾಗಿ ನೋಡಿ, ಮೊದಲು ಲೆನ್ಸಿನ ಮೌಂಟು, ಆಮೇಲೆ ಕ್ಯಾಮೆರಾದ್ದು. ಉಲ್ಟಾ ತರಿಸಿದರೆ ಉಪಯೋಗವಿಲ್ಲ.

ಬಂದ ಮೇಲೆ ಹಾಕಿ, ಲೆನ್ಸ್ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಗಡಗಡ ಎಂದರೆ ವಾಪಸ್ ಕಳಿಸಿ. ಆಮೇಲೆ ದೂರದ ಮೊಬೈಲ್ ಟವರಿಗೋ ಗೋಪುರಕ್ಕೋ ಫೋಕಸ್ ಮಾಡಿ. ಉಂಗುರ ಅನಂತದ ಗುರುತಿಗೆ ಮುಟ್ಟುವ ಸ್ವಲ್ಪ ಮೊದಲೇ ಸ್ಪಷ್ಟವಾದರೆ ಅಡಾಪ್ಟರ್ ಕೂದಲೆಳೆಯಷ್ಟು ತೆಳ್ಳಗಿದೆ ಎಂದರ್ಥ. ಬಹಳಷ್ಟು ಅಡಾಪ್ಟರ್‌ಗಳು ಬೇಕೆಂದೇ ಹೀಗೆ ಇರುತ್ತವೆ, ತೊಂದರೆ ಇಲ್ಲ. ಕೊನೆಗೆ ಮುಟ್ಟಿದರೂ ಸ್ಪಷ್ಟವಾಗದಿದ್ದರೆ ಅದು ದಪ್ಪ ಜಾಸ್ತಿ ಇರುವ ಮಾಲು, ಬದಲಾಯಿಸಿಕೊಳ್ಳಿ.

ಎಂ42 ಲೆನ್ಸ್‌ಗಳ ಹಿಂದೆ ಕೆಲವಕ್ಕೆ ಒಂದು ಸಣ್ಣ ಪಿನ್ ಇರುತ್ತದೆ. ಅದನ್ನು ಒತ್ತಿದರೆ ಮಾತ್ರ ಅಪರ್ಚರ್ ಮುಚ್ಚುತ್ತದೆ. ಲೆನ್ಸ್ ಪಕ್ಕದಲ್ಲಿ ‘ಆಟೋ–ಮ್ಯಾನುವಲ್’ ಗುಂಡಿ ಇದ್ದರೆ ಮ್ಯಾನುವಲ್‌ಗೆ ಸರಿಸಿ, ಮುಗಿಯಿತು. ಗುಂಡಿ ಇಲ್ಲದಿದ್ದರೆ ಒಳಗೆ ಚಾಚಿದ ಅಂಚು ಇರುವ ಅಡಾಪ್ಟರ್ ಕೊಳ್ಳಿ, ಅದೇ ಪಿನ್ ಒತ್ತಿ ಹಿಡಿಯುತ್ತದೆ. ಹೀಲಿಯೋಸ್ 44-2ರಲ್ಲಿ ಪಿನ್ ಇಲ್ಲ, ಎರಡು ಅಪರ್ಚರ್ ಉಂಗುರಗಳಿವೆ. ಒಂದರಲ್ಲಿ ಬೇಕಾದ ಸಂಖ್ಯೆ ಇಟ್ಟರೆ ಇನ್ನೊಂದು ಅಲ್ಲಿಯವರೆಗೆ ಮಾತ್ರ ಮುಚ್ಚುತ್ತದೆ.

ಕ್ಯಾಮೆರಾಕ್ಕೆ ಹೇಳಬೇಕಾದ್ದು

ಅಡಾಪ್ಟರ್ ಹಾಕಿದ ಮೇಲೆ ಕ್ಯಾಮೆರಾಕ್ಕೆ ಲೆನ್ಸ್ ಇರುವುದೇ ಗೊತ್ತಾಗುವುದಿಲ್ಲ. ಗುಂಡಿ ಒತ್ತಿದರೂ ಫೋಟೋ ಬರದೇ ಇರಬಹುದು. ಮೆನುವಿನಲ್ಲಿ ‘ಲೆನ್ಸ್ ಇಲ್ಲದೆ ಶಟರ್ ಬಿಡು’ ಎಂಬ ಅರ್ಥದ ಆಯ್ಕೆ ಹುಡುಕಿ ಆನ್ ಮಾಡಿ. ಸೋನಿ, ಫ್ಯೂಜಿ, ಕ್ಯಾನನ್ ಮಿರರ್‌ಲೆಸ್‌ಗಳಲ್ಲಿ ಇದು ಇದೆ. ಕ್ಯಾಮೆರಾದೊಳಗೇ ಅಲುಗಾಟ ತಡೆಯುವ ವ್ಯವಸ್ಥೆ ಇದ್ದರೆ ಲೆನ್ಸಿನ ಮೇಲೆ ಬರೆದ ಎಂಎಂ ಸಂಖ್ಯೆಯನ್ನು ಕೈಯಾರೆ ತುಂಬಿ. 50 ಎಂಎಂ ಎಂದರೆ 50 ಎಂದೇ ತುಂಬಿ, 75 ಎಂದಲ್ಲ.

ಮೋಡ್ ಎ ಅಥವಾ ಎವಿಯಲ್ಲಿ ಇರಲಿ. ಅಪರ್ಚರ್ ನಿಮ್ಮ ಕೈಯಲ್ಲಿ, ಶಟರ್ ಕ್ಯಾಮೆರಾ ನೋಡಿಕೊಳ್ಳುತ್ತದೆ. ಆಟೋ ಐಎಸ್‌ಓ (ಸೆನ್ಸರಿನ ಸೂಕ್ಷ್ಮತೆಯನ್ನು ಕ್ಯಾಮೆರಾವೇ ಹೊಂದಿಸುವ ಆಯ್ಕೆ) ಹಾಕಿ, ಕನಿಷ್ಠ ಶಟರ್ 1/125 ಸೆಕೆಂಡ್ ಎಂದು ಇಟ್ಟುಬಿಡಿ. ಅಪರ್ಚರ್ ಎಷ್ಟಿತ್ತು ಎಂದು ಫೋಟೋದ ವಿವರದಲ್ಲಿ ದಾಖಲಾಗುವುದಿಲ್ಲ, ಬೇಕಿದ್ದರೆ ಬರೆದಿಟ್ಟುಕೊಳ್ಳಬೇಕು.

ಫೋಕಸ್

ಫೋಕಸ್ ಪೀಕಿಂಗ್ ಆನ್ ಮಾಡಿದರೆ ಸ್ಪಷ್ಟವಾದ ಅಂಚುಗಳ ಮೇಲೆ ಕೆಂಪೋ ಹಳದಿಯೋ ಬಣ್ಣ ಮೂಡುತ್ತದೆ. ಇದನ್ನು ಪೂರ್ತಿ ನಂಬಬೇಡಿ. ಎಫ್ 1.8ರಲ್ಲಿ ಪೀಕಿಂಗ್ ಕಿವಿಯಿಂದ ಮೂಗಿನವರೆಗೆ ಬಣ್ಣ ಬಳಿಯುತ್ತದೆ, ಕಣ್ಣು ಮಾತ್ರ ಮೃದುವಾಗಿ ಬಂದಿರುತ್ತದೆ. ಎಪಿಎಸ್-ಸಿ ಕ್ಯಾಮೆರಾದಲ್ಲಿ 50 ಎಂಎಂ, ಎಫ್ 1.8, ಒಂದೂವರೆ ಮೀಟರ್ ದೂರ ಎಂದರೆ ಸ್ಪಷ್ಟವಾಗಿ ಬರುವ ಆಳ ಸುಮಾರು 6 ಸೆಂ.ಮೀ. ಅಷ್ಟೇ. ಪೀಕಿಂಗ್‌ನಿಂದ ಹತ್ತಿರ ಬನ್ನಿ. ಆಮೇಲೆ ಚಿತ್ರವನ್ನು ಹಿಗ್ಗಿಸುವ ಗುಂಡಿ ಒತ್ತಿ, ಕಣ್ಣಿನ ರೆಪ್ಪೆಯ ಮೇಲೆ ಉಂಗುರ ನಿಲ್ಲಿಸಿ. ಹಿಗ್ಗಿಸುವ ಕೆಲಸವನ್ನು ಹೆಬ್ಬೆರಳಿಗೆ ಸಿಗುವ ಗುಂಡಿಗೆ ಕೊಟ್ಟುಕೊಳ್ಳಿ, ದಿನಾ ಅದೇ ಬೇಕಾಗುತ್ತದೆ. ಯಾವ ಅಪರ್ಚರ್‌ನಲ್ಲಿ ತೆಗೆಯುತ್ತೀರೋ ಅದೇ ಅಪರ್ಚರ್‌ನಲ್ಲೇ ಫೋಕಸ್ ಮಾಡಿ. ಹಳೆ ಲೆನ್ಸ್‌ಗಳಲ್ಲಿ ಕೆಲವು ಅಪರ್ಚರ್ ಮುಚ್ಚಿದಾಗ ಫೋಕಸ್ ಸ್ವಲ್ಪ ಸರಿಸುತ್ತವೆ.

ಇದನ್ನು ಕಲಿಯಲು ಬೀದರ್ ಹಳೆ ಊರಿನ ಬಿದ್ರಿ ಕೆಲಸದ ಕೋಣೆಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಕಾರಿಗರು ಕೂತ ಜಾಗ ಬಿಟ್ಟು ಏಳುವುದಿಲ್ಲ, ಕೈ ಮಾತ್ರ ಚಲಿಸುತ್ತದೆ. ಸತು ಮತ್ತು ತಾಮ್ರ ಸೇರಿಸಿ ಎರಕ ಹೊಯ್ದ ಹೂಜಿಯ ಮೇಲೆ ಚಾಣದಿಂದ ಸಣ್ಣ ತೋಡು ಕೊರೆಯುತ್ತಾರೆ. ಬೆಳ್ಳಿಯ ತಂತಿಯನ್ನು ಉಗುರಿನಿಂದ ಅದರೊಳಗೆ ಒತ್ತಿ, ಚಿಕ್ಕ ಸುತ್ತಿಗೆಯಿಂದ ಟಕಟಕ ಬಡಿಯುತ್ತಾರೆ. ಮೊದಲು ಒಪ್ಪಿಗೆ ಕೇಳಿ. ಸ್ವಲ್ಪ ಹೊತ್ತು ಕ್ಯಾಮೆರಾ ತೆಗೆಯದೆ ಸುಮ್ನೆ ನೋಡಿ. ಪ್ರತಿ ಏಟಿನ ನಡುವೆ ಸುತ್ತಿಗೆ ಒಂದು ಕ್ಷಣ ನಿಲ್ಲುತ್ತದೆ, ಫೋಟೋ ಅಲ್ಲಿದೆ. ಫೋಕಸನ್ನು ಬೆರಳಿಗಲ್ಲ, ತಂತಿ ತೋಡಿಗೆ ಇಳಿಯುವ ಬಿಂದುವಿಗೆ ಕಟ್ಟಿ. ಆಮೇಲೆ ಉಂಗುರ ಮುಟ್ಟಬೇಡಿ. ಮೈಯನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡಿ, ಸ್ಪಷ್ಟವಾದಾಗ ಒತ್ತಿ.

ಹೆಚ್ಚಿನ 50 ಎಂಎಂ ಲೆನ್ಸ್‌ಗಳು 45ರಿಂದ 60 ಸೆಂ.ಮೀ.ಗಿಂತ ಹತ್ತಿರ ಬರುವುದಿಲ್ಲ. 45ರಲ್ಲಿ ಎಫ್ 1.8 ಇಟ್ಟರೆ ಸಿಗುವ ಆಳ ಅರ್ಧ ಸೆಂ.ಮೀ. ಮಾತ್ರ. ಎಫ್ 5.6ಕ್ಕೆ ಮುಚ್ಚಿದರೆ ಒಂದೂವರೆ ಸೆಂ.ಮೀ. ಸಿಗುತ್ತದೆ, ಬೆರಳ ತುದಿಯೂ ತಂತಿಯೂ ಒಟ್ಟಿಗೆ ಬರುತ್ತವೆ. ಇನ್ನೂ ಹತ್ತಿರ ಹೋಗಬೇಕೆಂದರೆ ತಿರುಗಿಸಿದರೆ ಉದ್ದವಾಗುವ ಅಡಾಪ್ಟರ್‌ಗಳು ಸಿಗುತ್ತವೆ, ಒಂದು ಇಟ್ಟುಕೊಂಡರೆ ಮ್ಯಾಕ್ರೋ ಲೆನ್ಸಿನ ಅರ್ಧ ಕೆಲಸ ಆಗುತ್ತದೆ.

ತಯಾರಾದ ಬಿದ್ರಿ ವಸ್ತು ತೆಗೆಯುವಾಗ ಇನ್ನೊಂದು ಮಾತು. ಕೋಟೆಯ ಮಣ್ಣು, ನವಸಾಗರ ಹಚ್ಚಿ ಕಪ್ಪಾಗಿಸಿದ ಮೈ ಕಂಡರೆ ಮೀಟರ್ ಬೆಳಕು ಸಾಲದು ಎಂದು ತಿಳಿಯುತ್ತದೆ. ಕಪ್ಪನ್ನು ಬೂದು ಮಾಡಿ, ಬೆಳ್ಳಿಯನ್ನು ಸುಟ್ಟ ಬಿಳಿ ಮಾಡಿಬಿಡುತ್ತದೆ. ಎಕ್ಸ್‌ಪೋಶರನ್ನು ಒಂದು ಸ್ಟಾಪ್ (ಅಂದರೆ ಬೆಳಕು ಅರ್ಧದಷ್ಟು) ಇಳಿಸಿ, ಕಪ್ಪು ಕಪ್ಪಾಗಿಯೇ ಉಳಿಯುತ್ತದೆ.

ಜಾತ್ರೆ, ಸಂತೆಯಲ್ಲಿ ಇಷ್ಟೆಲ್ಲ ಸಮಯ ಸಿಗಲ್ಲ. ಅಲ್ಲಿ 28 ಎಂಎಂ ಹಾಕಿ, ಎಫ್ 8 ಇಟ್ಟು, ಲೆನ್ಸಿನ ಮೇಲಿನ ದೂರದ ಗುರುತಿನಲ್ಲಿ 5 ಮೀಟರ್ ನಿಲ್ಲಿಸಿ. ಎಪಿಎಸ್-ಸಿ ಕ್ಯಾಮೆರಾದಲ್ಲಿ ಎರಡೂವರೆ ಮೀಟರಿನಿಂದ ಕಣ್ಣು ಮುಟ್ಟುವವರೆಗೆ ಎಲ್ಲವೂ ಸ್ಪಷ್ಟ. ಫೋಕಸ್ ಯೋಚನೆಯೇ ಬೇಡ. ಕಲಬುರಗಿ ಶರಣಬಸವೇಶ್ವರ ಜಾತ್ರೆಯ ಗದ್ದಲದಲ್ಲಿ ಇದಕ್ಕಿಂತ ಬೇಗ ಯಾವ ಆಟೋಫೋಕಸ್ಸೂ ಇಲ್ಲ.

ಬೆಳಕು ಮತ್ತು ಬಿಸಿಲು

ಹಳೆ ಲೆನ್ಸ್‌ಗಳ ಗಾಜಿನ ಲೇಪನ ಈಗಿನಷ್ಟು ಗಟ್ಟಿಯದಲ್ಲ. ಸೂರ್ಯ ಎದುರಿಗಿದ್ದರೆ ಚಿತ್ರ ಮಂಕಾಗುತ್ತದೆ. ಬೀದರಿನ 1472ರ ಮಹಮೂದ್ ಗವಾನ್ ಮದರಸಾದ ಮಿನಾರಿನ ಮೇಲೆ ಉಳಿದ ಬಣ್ಣದ ಹೆಂಚುಗಳನ್ನು ತೆಗೆಯಬೇಕಿದ್ದರೆ ಸೂರ್ಯ ಬೆನ್ನಿಗಿರುವ ಹೊತ್ತು ಹೋಗಿ, ಲೆನ್ಸಿಗೆ ಹುಡ್ (ಬಿಸಿಲು ತಡೆಯುವ ಮರೆ) ಹಾಕಿ. ಹುಡ್ ಇಲ್ಲದಿದ್ದರೆ ಎಡಗೈ ಅಡ್ಡ ಹಿಡಿದರೂ ಆಯಿತು.

ಕಲಬುರಗಿ ಕೋಟೆಯ ಜಾಮಾ ಮಸೀದಿಗೆ ತೆರೆದ ಅಂಗಳವಿಲ್ಲ, ಪೂರ್ತಿ ಚಾವಣಿ. 1367ರ ಕಟ್ಟಡ. ಕಮಾನಿನ ಹಿಂದೆ ಕಮಾನು, ಬದಿಯಿಂದ ಬರುವ ಮೆತ್ತನೆ ಬೆಳಕು. ಹಳೆ ಲೆನ್ಸಿನ ಮೃದುತನ ಅಲ್ಲಿ ಕೊರತೆಯಲ್ಲ, ಗುಣ. ಬೀದರ್ ಹತ್ತಿರದ ಅಷ್ಟೂರಿನಲ್ಲಿರುವ ಬಹಮನಿ ಸುಲ್ತಾನ ಅಹಮದ್ ಶಾಹ ಸಮಾಧಿಯ ಒಳಗೋಡೆಯ ಚಿತ್ರಗಳಿಗೂ ಎಫ್ 1.8 ಲೆನ್ಸ್ ಬೇಕೇಬೇಕು, ಒಳಗೆ ಕತ್ತಲು. ಫ್ಲ್ಯಾಶ್ ಹಾಕಬೇಡಿ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್‌ಗೆ ಅನುಮತಿ ಬೇಕು, ಕಂಬಕ್ಕೆ ಒರಗಿ ಉಸಿರು ಹಿಡಿದು ತೆಗೆಯಿರಿ.

ಮನೆಗೆ ಬಂದ ಮೇಲೆ ಲೆನ್ಸನ್ನು ಚರ್ಮದ ಕೇಸಿಗೆ ಹಾಕಬೇಡಿ. ಫಂಗಸ್ ಮನೆ ಮಾಡುವುದೇ ಅಲ್ಲಿ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಒಂದು ಚಿಕ್ಕ ತೇವಾಂಶ ಮಾಪಕ. ಮುಳ್ಳು ಶೇ. 40ರಿಂದ 50ರ ನಡುವೆ ಇದ್ದರೆ ಒಳ್ಳೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೆಲ್ಲಿನ ಬಣ್ಣ ಆಗಾಗ ನೋಡಿ, ಬದಲಾಗಿದ್ದರೆ ಹುರಿದು ಆರಿಸಿ ಮತ್ತೆ ಹಾಕಿ. ಬೇಸಿಗೆಯಲ್ಲಿ ಡಬ್ಬಿ ಮನೆಯ ತಂಪಾದ ಕೋಣೆಯಲ್ಲಿ, ನೆಲದ ಹತ್ತಿರದ ಖಾನೆಯಲ್ಲಿ ಇರಲಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಮಾತ್ರ ಒಂದು ತಾಸೂ ಬಿಡಬೇಡಿ.